ಮನಸ್ಸೆಗೆ 55 ವರ್ಷ, ಯೋಷೀಯನಿಗೆ 31: ದುಷ್ಟರ ಏಳಿಗೆಯನ್ನು ಕ್ರೈಸ್ತ ನಂಬಿಕೆ ಹೇಗೆ ನೋಡುತ್ತದೆ

ಯೆಹೂದ ರಾಜ್ಯವನ್ನು ಎಲ್ಲರಿಗಿಂತ ಹೆಚ್ಚು ಕಾಲ ಆಳಿದ ಅರಸ ಯಾರೆಂದು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹುಡುಕಿದರೆ ಸಿಗುವುದು ದೈವಭಕ್ತನೆಂದು ಹೆಸರಾದ ಹಿಜ್ಕೀಯನ ಹೆಸರಲ್ಲ, ಅವನ ಮಗ ಮನಸ್ಸೆಯ ಹೆಸರು. ಹನ್ನೆರಡನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಮನಸ್ಸೆ 55 ವರ್ಷ ಆಳಿದನು. ತಂದೆ ಕೆಡವಿದ್ದ ವಿಗ್ರಹಸ್ಥಾನಗಳನ್ನು ಮತ್ತೆ ಕಟ್ಟಿಸಿದನು, ಹೆತ್ತ ಮಗನನ್ನೇ ಬೆಂಕಿಗೆ ಆಹುತಿ ಕೊಟ್ಟನು, ಯೆರೂಸಲೇಮು ಒಂದು ಕೊನೆಯಿಂದ ಮತ್ತೊಂದು ಕೊನೆಯವರೆಗೆ ತುಂಬುವಷ್ಟು ನಿರಪರಾಧಿಗಳ ರಕ್ತವನ್ನು ಸುರಿಸಿದನು ಎಂದು ಎರಡನೆಯ ಅರಸುಗಳ ಗ್ರಂಥದ 21ನೆಯ ಅಧ್ಯಾಯ ಹೇಳುತ್ತದೆ. ಇಷ್ಟಾಗಿಯೂ ಅವನ ಸಾವಿನ ಬಗ್ಗೆ ಆ ಅಧ್ಯಾಯ ಬರೆಯುವುದು ಒಂದೇ ಮಾತು: ಅವನು ಪಿತೃಗಳ ಬಳಿಗೆ ಸೇರಿದನು, ಅವನನ್ನು ಅವನ ಅರಮನೆಯ ತೋಟದಲ್ಲಿ ಸಮಾಧಿ ಮಾಡಿದರು. ಅವನ ಮೊಮ್ಮಗ ಯೋಷೀಯನದು ಇನ್ನೊಂದು ಕಥೆ. ಎಂಟನೆಯ ವಯಸ್ಸಿಗೆ ಅರಸನಾದ ಅವನು ಪಾಳುಬಿದ್ದ ದೇವಾಲಯವನ್ನು ದುರಸ್ತಿ ಮಾಡಿಸಿದನು. ಅಲ್ಲಿ ಸಿಕ್ಕ ಧರ್ಮಶಾಸ್ತ್ರದ ಸುರುಳಿಯನ್ನು ಓದಿಸಿ ಕೇಳಿದಾಗ ದುಃಖದಿಂದ ಬಟ್ಟೆ ಹರಿದುಕೊಂಡನು, ರಾಜ್ಯವನ್ನೇ ಶುದ್ಧೀಕರಿಸಲು ಹೊರಟನು. 31 ವರ್ಷ ಆಳಿ, 39ರ ಪ್ರಾಯದಲ್ಲಿ, ಕ್ರಿಸ್ತಪೂರ್ವ 609ರಲ್ಲಿ, ಮೆಗಿದ್ದೋವಿನಲ್ಲಿ ಐಗುಪ್ತದ ಫರೋಹ ನೆಕೋವಿನ ಸೈನ್ಯದೆದುರು ಸತ್ತನು.

ಕೆಡುಕನಿಗೆ 55, ಸಜ್ಜನನಿಗೆ 31. ಸತ್ಯವೇದ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲೇ, ಯಾವ ಮುಚ್ಚುಮರೆಯೂ ಇಲ್ಲದೆ ಇಟ್ಟಿದೆ. ಆದ್ದರಿಂದ "ದುಷ್ಟರು ಏಕೆ ಏಳಿಗೆ ಹೊಂದುತ್ತಾರೆ?" ಎಂಬ ಪ್ರಶ್ನೆ ನಂಬಿಕೆಯಿಲ್ಲದವರು ಹೊರಗಿನಿಂದ ತಂದು ಎಸೆದ ಕಲ್ಲೆಂದು ಭಾವಿಸಬೇಕಾಗಿಲ್ಲ, ಅದು ಹುಟ್ಟಿದ್ದೇ ನಂಬಿಕೆಯ ಮನೆಯೊಳಗೆ. ವಾಸ್ತವದಲ್ಲಿ ಅದು ಅಲ್ಲಿ ಮಾತ್ರ ಇಷ್ಟು ತೀಕ್ಷ್ಣವಾಗಿ ಹುಟ್ಟಬಲ್ಲದು. ಜಗತ್ತನ್ನು ನಡೆಸುವವರು ಯಾರೂ ಇಲ್ಲವೆಂದಾದರೆ ಕಳ್ಳನು ಕೊಬ್ಬುವುದರಲ್ಲಿ ಒಗಟೇನೂ ಇಲ್ಲ. ನಡೆಸುವವನಿದ್ದಾನೆ, ಅವನು ನ್ಯಾಯವಂತನು, ಜೊತೆಗೆ ಶಕ್ತನು ಎಂದು ಒಪ್ಪಿಕೊಂಡವನಿಗೇ ಇದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅದರಲ್ಲೂ ಧರ್ಮೋಪದೇಶಕಾಂಡದ 28ನೆಯ ಅಧ್ಯಾಯವನ್ನು ಓದಿ ಬೆಳೆದ ಇಸ್ರಾಯೇಲ್ಯನಿಗೆ ವಿಧೇಯತೆಗೆ ಆಶೀರ್ವಾದ, ಅವಿಧೇಯತೆಗೆ ಶಾಪ ಎಂಬುದು ಬಾಲ್ಯದಿಂದ ಬಾಯಿಪಾಠವಾಗಿತ್ತು. ಕಲಿತದ್ದಕ್ಕೂ ಕಣ್ಣೆದುರು ಕಂಡದ್ದಕ್ಕೂ ತಾಳೆಯಾಗದಿದ್ದಾಗ ಅವನು ಮಾತನಾಡಲೇಬೇಕಾಯಿತು.

ಮಾತನಾಡಿದವರೂ ಸಣ್ಣವರಲ್ಲ. ಪ್ರವಾದಿ ಯೆರೆಮೀಯನು ತನ್ನ ಗ್ರಂಥದ 12ನೆಯ ಅಧ್ಯಾಯದ ಆರಂಭದಲ್ಲಿ ದೇವರೊಂದಿಗೆ ವ್ಯಾಜ್ಯಕ್ಕೇ ನಿಲ್ಲುತ್ತಾನೆ. ನೀನು ನ್ಯಾಯವಂತನೆಂದು ನನಗೆ ಗೊತ್ತು, ಆದರೂ ಕೇಳುತ್ತೇನೆ, ದುಷ್ಟರ ಮಾರ್ಗವೇಕೆ ಸಫಲವಾಗುತ್ತದೆ ಎಂದು ಆರಂಭಿಸಿ, ಅವರನ್ನು ನೆಟ್ಟವನು ನೀನೇ, ಅವರು ಬೇರೂರಿದ್ದಾರೆ, ಬೆಳೆದು ಹಣ್ಣು ಬಿಡುತ್ತಿದ್ದಾರೆ ಎಂದು ಆರೋಪದ ಬೆರಳನ್ನು ನೇರವಾಗಿ ದೇವರತ್ತಲೇ ತಿರುಗಿಸುತ್ತಾನೆ. ತಪ್ಪಿಲ್ಲದೆಯೂ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ದೂರು ಇನ್ನೂ ವಿವರವಾದದ್ದು. ದುಷ್ಟರು ಮುಪ್ಪಿನವರೆಗೂ ಬಾಳುತ್ತಾರೆ, ಅವರ ಹೋರಿ ಹಾರಿದ್ದು ವ್ಯರ್ಥವಾಗುವುದಿಲ್ಲ, ಅವರ ಹಸು ಕಂದುಹಾಕುವುದಿಲ್ಲ, ಮಕ್ಕಳು ಕುಣಿದಾಡುತ್ತಾರೆ ಎಂದು ಅವನು 21ನೆಯ ಅಧ್ಯಾಯದಲ್ಲಿ ಪಟ್ಟಿ ಕೊಡುತ್ತಾನೆ. ಅವರ ಪಾಪದ ಫಲವನ್ನು ದೇವರು ಅವರ ಮಕ್ಕಳಿಗಾಗಿ ಕೂಡಿಟ್ಟಿದ್ದಾನೆ ಎಂಬ ಸಮಾಧಾನವನ್ನು ಅವನು ಅಲ್ಲೇ ತಳ್ಳಿಹಾಕುತ್ತಾನೆ. ಮಾಡಿದವನೇ ಉಣ್ಣಲಿ, ಅವನಿಗೇ ತಿಳಿಯಲಿ ಎನ್ನುತ್ತಾನೆ. ಇದಕ್ಕೆ ಪ್ರತಿಯಾಗಿ ಅವನ ಮೂವರು ಸ್ನೇಹಿತರು ಶಾಸ್ತ್ರಬದ್ಧವಾಗಿಯೇ ಮಾತನಾಡುತ್ತಾರೆ: ಕೆಟ್ಟವನು ಕೆಡುತ್ತಾನೆ, ನಿನಗೆ ಕೇಡು ಬಂದಿದ್ದರೆ ನಿನ್ನಲ್ಲೇ ಏನೋ ತಪ್ಪಿದೆ. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ದೂರಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಈ ಸ್ನೇಹಿತರ ಮೇಲೆ. ನನ್ನ ಸೇವಕ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ ಎಂಬ ತೀರ್ಪು 42ನೆಯ ಅಧ್ಯಾಯದಲ್ಲಿದೆ. ಪೀಠದ ಮೇಲಿಂದ ಸುಲಭದ ಉತ್ತರ ಕೊಡುವ ಅಭ್ಯಾಸವುಳ್ಳ ನಮ್ಮಂಥವರು ಈ ತೀರ್ಪನ್ನು ಮೆಲ್ಲಗೆ ದಾಟಿಹೋಗುವುದೇ ಹೆಚ್ಚು.

ಈ ಪ್ರಶ್ನೆಯ ಒಳಹೊಕ್ಕು ನೋಡಿದ ಬರಹ 73ನೆಯ ಕೀರ್ತನೆ. ಅದರ ತಲೆಬರಹದಲ್ಲಿರುವ ಹೆಸರು ಆಸಾಫನದು. ದಾವೀದನ ಕಾಲದಲ್ಲಿ ಆರಾಧನೆಯ ಸಂಗೀತಕ್ಕೆ ನೇಮಕವಾದ ಲೇವಿಯನೀತ, ಅಂದರೆ ದೇವರ ಸೇವೆಗೆ ಮೀಸಲಾದ ಕುಲದವನು, ಕಂಚಿನ ತಾಳ ಬಾರಿಸುತ್ತಿದ್ದವನು. ಅಂದರೆ ಇದು ದೇವಾಲಯದ ಹೊರಗೆ ನಿಂತವನ ದೂರಲ್ಲ, ಒಳಗೆ ಹಾಡುವ ಸೇವೆಯಲ್ಲಿದ್ದವನ ಒಪ್ಪಿಗೆ. ದೇವರು ಶುದ್ಧಹೃದಯದವರಿಗೆ ಒಳ್ಳೆಯವನು ಎಂಬ ಸಾಂಪ್ರದಾಯಿಕ ಮಾತಿನಿಂದ ಅವನು ಪ್ರಾರಂಭಿಸುತ್ತಾನೆ, ಮರುವಾಕ್ಯದಲ್ಲೇ ತಾನು ಜಾರಿ ಬೀಳುವುದಕ್ಕೆ ಸ್ವಲ್ಪವೇ ಉಳಿದಿತ್ತು ಎನ್ನುತ್ತಾನೆ. ಕಾರಣವನ್ನು ಮೂರನೆಯ ವಚನ ಹೇಳುತ್ತದೆ, ಮತ್ತು ಆ ಕಾರಣ ನಾವು ನಿರೀಕ್ಷಿಸುವಂಥದ್ದಲ್ಲ. ಅನ್ಯಾಯ ಕಂಡು ನನ್ನ ರಕ್ತ ಕುದಿಯಿತು ಎಂದು ಅವನು ಹೇಳುವುದಿಲ್ಲ. ದುಷ್ಟರ ಸೌಖ್ಯವನ್ನು ಕಂಡು ನಾನು ಹೊಟ್ಟೆಕಿಚ್ಚುಪಟ್ಟೆ ಎನ್ನುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಪ್ರಶ್ನೆಯಲ್ಲಿ ಎರಡು ಎಳೆಗಳು ಹೊಸೆದುಕೊಂಡಿರುತ್ತವೆ. ಒಂದು ನ್ಯಾಯದ ಹಸಿವು: ಬಡವನ ಹೊಲ ಕಬಳಿಸಿದವನು ಸುಖವಾಗಿರಬಾರದು. ಇನ್ನೊಂದು ಅಸೂಯೆ: ಅವನಿಗಿರುವುದು ನನಗಿಲ್ಲ. ಎರಡೂ ಒಂದೇ ಮಾತಿನಲ್ಲಿ, ಒಂದೇ ಧ್ವನಿಯಲ್ಲಿ ಹೊರಬರುತ್ತವೆಯಾದ್ದರಿಂದ ಮಾತನಾಡುವವನಿಗೇ ಯಾವುದು ಯಾವುದೆಂದು ತಿಳಿದಿರುವುದಿಲ್ಲ. ಬೇರ್ಪಡಿಸಿ ನೋಡುವ ಒಂದು ದಾರಿಯಿದೆ. ಆ ಅನ್ಯಾಯಗಾರ ನಾಳೆ ಬೆಳಿಗ್ಗೆ ಮನಸ್ಸು ತಿರುಗಿ, ಕಿತ್ತುಕೊಂಡದ್ದನ್ನೆಲ್ಲ ಹಿಂದಿರುಗಿಸಿ, ನೊಂದವರ ಕಾಲಿಗೆ ಬಿದ್ದು, ಆಮೇಲೂ ನೆಮ್ಮದಿಯಾಗಿ ಬಾಳಿದನೆನ್ನಿ. ನ್ಯಾಯದ ಹಸಿವು ಅಷ್ಟಕ್ಕೆ ಬಹುಮಟ್ಟಿಗೆ ತಣಿಯುತ್ತದೆ. ಅಸೂಯೆ ತಣಿಯುವುದಿಲ್ಲ, ಅದಕ್ಕೆ ಅವನು ಬೀಳುವುದೇ ಬೇಕು. ಆಸಾಫನು ತನ್ನೊಳಗಿದ್ದದ್ದು ಎರಡನೆಯದೆಂದು ಬಿಚ್ಚಿಟ್ಟುಬಿಟ್ಟ. ಆ ಅಸೂಯೆ ಅವನ ನೋಟವನ್ನೂ ಕೆಡಿಸಿತ್ತು. ದುಷ್ಟರಿಗೆ ಸಾಯುವವರೆಗೂ ನೋವಿಲ್ಲ, ಅವರ ಮೈ ಕೊಬ್ಬಿದೆ, ಗರ್ವವೇ ಅವರಿಗೆ ಕಂಠಹಾರ, ಬಲಾತ್ಕಾರವೇ ಉಡುಪು, ಕೊಬ್ಬಿನಿಂದ ಕಣ್ಣುಗಳು ಉಬ್ಬಿ ಬಂದಿವೆ ಎಂದು ಅವನು ಬಣ್ಣಿಸುತ್ತಾ ಹೋಗುತ್ತಾನೆ. ಒಬ್ಬ ದುಷ್ಟನಿಗೂ ಎಂದೂ ತಲೆನೋವೂ ಬಂದಿಲ್ಲವೇನೋ ಎಂಬಂತಿದೆ ಈ ವರ್ಣನೆ. ಹೊಟ್ಟೆಕಿಚ್ಚಿನ ಕಣ್ಣಿಗೆ ಪಕ್ಕದವನ ಮನೆಯ ದೀಪ ಕಾಣುತ್ತದೆ, ಒಳಗಿನ ಜಗಳ ಕೇಳಿಸುವುದಿಲ್ಲ.

ಆದರೂ ಕೀರ್ತನೆ ಅವನ ದೂರನ್ನು ಸುಳ್ಳೆಂದು ಅಳಿಸುವುದಿಲ್ಲ. ನಾನು ಮನಸ್ಸನ್ನು ಶುದ್ಧವಾಗಿಟ್ಟುಕೊಂಡದ್ದೂ ಕೈತೊಳೆದುಕೊಂಡು ಬಾಳಿದ್ದೂ ವ್ಯರ್ಥವೇ ಸರಿ ಎಂಬ 13ನೆಯ ವಚನ ಇಂದಿಗೂ ಆರಾಧನೆಯ ಪುಸ್ತಕದಲ್ಲೇ ಇದೆ. ಜನರು ಅದನ್ನು ಪ್ರಾರ್ಥನೆಯಾಗಿ ಹೇಳುತ್ತಾರೆ. 15ನೆಯ ವಚನದಲ್ಲಿ ಮಾತ್ರ ಅವನು ಕ್ಷಣಕಾಲ ತಡೆದು, ಹೀಗೆಲ್ಲ ಬಹಿರಂಗವಾಗಿ ಸಾರಿಬಿಟ್ಟರೆ ನಿನ್ನ ಮಕ್ಕಳ ಪೀಳಿಗೆಗೆ ದ್ರೋಹ ಮಾಡಿದಂತಾದೀತು ಎನ್ನುತ್ತಾನೆ. ಯೋಚಿಸಿ ಯೋಚಿಸಿ ಅವನಿಗೆ ಸಿಕ್ಕಿದ್ದು ಉತ್ತರವಲ್ಲ, ಆಯಾಸ. ತಿರುವು ಬರುವುದು 17ನೆಯ ವಚನದಲ್ಲಿ: ದೇವರ ಪವಿತ್ರಾಲಯಕ್ಕೆ ಹೋಗಿ ಅವರ ಅಂತ್ಯವೇನೆಂದು ಆಲೋಚಿಸುವ ತನಕ. ಅಲ್ಲಿ ಅವನು ಏನನ್ನು ಕಂಡನೆಂದು ಕೀರ್ತನೆ ಹೇಳುವುದಿಲ್ಲ. ದರ್ಶನವಾಯಿತೆಂದಾಗಲಿ ಧ್ವನಿ ಕೇಳಿಸಿತೆಂದಾಗಲಿ ಇಲ್ಲ. ಹೊರಗಿನ ಸ್ಥಿತಿಯೂ ಬದಲಾಗಲಿಲ್ಲ. ದುಷ್ಟರು ಅವನು ಒಳಗೆ ಹೋದಾಗ ಎಷ್ಟು ಕೊಬ್ಬಿದ್ದರೋ ಹೊರಗೆ ಬಂದಾಗಲೂ ಅಷ್ಟೇ ಕೊಬ್ಬಿದ್ದರು. ಬದಲಾದದ್ದು ಅವನು ನಿಂತು ನೋಡುತ್ತಿದ್ದ ಜಾಗ. ಎರಡನೆಯ ವಚನದಲ್ಲಿ ಜಾರುವ ನೆಲದ ಮೇಲಿದ್ದವನು ತಾನು. 18ನೆಯ ವಚನದಲ್ಲಿ ಜಾರುವ ನೆಲದ ಮೇಲೆ ನಿಂತಿರುವವರು ಅವರು. ಅವರ ವೈಭವವು ಎಚ್ಚೆತ್ತವನಿಗೆ ಕನಸಿದ್ದಂತೆ ಎಂಬ ಹೋಲಿಕೆಯೂ ಇಲ್ಲೇ ಬರುತ್ತದೆ. ಕನಸು ಕಾಣುವವನಿಗೆ ಕನಸು ಗಟ್ಟಿಯಾಗಿಯೇ ಇರುತ್ತದೆ, ಅದರ ಬಂಗಾರ ಹೊಳೆಯುತ್ತದೆ. ಎಚ್ಚರವಾದಾಗ ಆ ಬಂಗಾರವನ್ನು ಯಾರೂ ಕದ್ದೊಯ್ದಿರುವುದಿಲ್ಲ, ಅದು ಇದ್ದೇ ಇರಲಿಲ್ಲ.

ಚರ್ಚಿನ ಅನೇಕ ಉಪದೇಶಗಳು ಕೀರ್ತನೆಯನ್ನು ಇಲ್ಲಿಗೇ ಮುಗಿಸುತ್ತವೆ: ದುಷ್ಟರು ಕೊನೆಗೆ ಬೀಳುತ್ತಾರೆ, ಸಮಾಧಾನ ಮಾಡಿಕೋ. ಅಷ್ಟಕ್ಕೇ ನಿಲ್ಲಿಸಿದರೆ ಅದು ಹೊಟ್ಟೆಕಿಚ್ಚಿಗೆ ಸ್ವಲ್ಪ ತಡವಾಗಿ ಬಡಿಸಿದ ಊಟವಷ್ಟೇ ಆಗುತ್ತದೆ. ಆಸಾಫನು ಅಲ್ಲಿ ನಿಲ್ಲುವುದಿಲ್ಲ. ತಾನು ದೇವರ ಮುಂದೆ ಪಶುವಿನಂತಿದ್ದೆ ಎಂದು ಒಪ್ಪಿಕೊಂಡು, ಹಾಗಿದ್ದಾಗಲೂ ನೀನು ನನ್ನ ಬಲಗೈಯನ್ನು ಹಿಡಿದಿದ್ದೆ ಎಂದು ಹೇಳಿ, ನೀನಲ್ಲದೆ ಪರಲೋಕದಲ್ಲಿ ನನಗೆ ಯಾರಿದ್ದಾರೆ ಎಂದು ಕೇಳಿ, ದೇವರ ಸಾನ್ನಿಧ್ಯವೇ ನನಗೆ ಒಳ್ಳೆಯದು ಎಂಬಲ್ಲಿಗೆ ಬಂದು ಮುಟ್ಟುತ್ತಾನೆ. ಮೊದಲ ವಚನದ "ಒಳ್ಳೆಯದು" ಎಂಬ ಪದವೇ ಕೊನೆಯ ವಚನದಲ್ಲಿ ಮರಳಿ ಬಂದಿದೆ, ಅರ್ಥ ಮಾತ್ರ ಬದಲಾಗಿದೆ. ದೇವರು ಶುದ್ಧಹೃದಯದವರಿಗೆ ಒಳ್ಳೆಯದನ್ನು ಕೊಡುತ್ತಾನೆ ಎಂದರೆ ಆರೋಗ್ಯ, ಆಸ್ತಿ, ನೆಮ್ಮದಿ ಎಂದುಕೊಂಡಿದ್ದವನಿಗೆ ಆ ಒಳ್ಳೆಯದು ದೇವರೇ ಎಂದು ತಿಳಿಯಿತು. ಆ ಅರ್ಥದಲ್ಲಿ, ಕೊಬ್ಬಿದ ದುಷ್ಟನ ಕೈಯಲ್ಲಿರುವುದು ಏಳಿಗೆಯೇ ಅಲ್ಲ. ಭಾಗ್ಯವೆಂದರೆ ಏನು ಎಂಬ ಅಳತೆಗೋಲೇ ಬೇರೆಯಾದಾಗ "ದುಷ್ಟರ ಭಾಗ್ಯ" ಎಂಬ ಮಾತು ತನ್ನ ಬಿಗಿಯನ್ನು ಅರ್ಧ ಕಳೆದುಕೊಳ್ಳುತ್ತದೆ.

ಉಳಿದರ್ಧ ಇನ್ನೂ ಇದೆ. ಅಳತೆಗೋಲು ಬದಲಾದರೂ ದುಷ್ಟನು ಇಂದೂ ನಾಳೆಯೂ ದುಷ್ಟತನ ಮಾಡುತ್ತಲೇ ಇರುತ್ತಾನಲ್ಲ. ದೇವರು ಅವನನ್ನು ಈಗಲೇ ಏಕೆ ತಡೆಯುವುದಿಲ್ಲ? ಹೊಸ ಒಡಂಬಡಿಕೆ ಇದಕ್ಕೆ ಬಳಸುವ ಪದ ದೀರ್ಘಶಾಂತಿ, ಅಂದರೆ ಬಹುಕಾಲದ ತಾಳ್ಮೆ. ಕರ್ತನು ತಡಮಾಡುವುದು ಯಾವನಾದರೂ ನಾಶವಾಗುವುದರಲ್ಲಿ ಇಷ್ಟವಿಲ್ಲದೆ, ಎಲ್ಲರೂ ತನ್ನ ಕಡೆಗೆ ತಿರುಗಿಕೊಳ್ಳಲೆಂದೇ ಎಂದು ಪೇತ್ರನ ಎರಡನೆಯ ಪತ್ರಿಕೆ ಹೇಳುತ್ತದೆ. ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಇದನ್ನು ಹೊಲದ ಭಾಷೆಯಲ್ಲಿ ಹೇಳಿದ್ದಾನೆ. ಗೋದಿ ಬಿತ್ತಿದ ಹೊಲದಲ್ಲಿ ವೈರಿಯೊಬ್ಬ ರಾತ್ರಿ ಬಂದು ಹಣಜಿ ಎಂಬ ಕಳೆಯನ್ನು ಬಿತ್ತಿ ಹೋಗುತ್ತಾನೆ. ಈ ಕಳೆ ತೆನೆ ಬರುವ ತನಕ ಗೋದಿಯಂತೆಯೇ ಕಾಣುತ್ತದೆ. ಆಳುಗಳು ಈಗಲೇ ಕಿತ್ತುಬಿಡೋಣವೇ ಎಂದು ಕೇಳಿದರೆ ಯಜಮಾನನು ಬೇಡ ಎನ್ನುತ್ತಾನೆ: ಹಣಜಿಯನ್ನು ಕೀಳುವಾಗ ಗೋದಿಯನ್ನೂ ಕಿತ್ತುಬಿಟ್ಟೀರಿ, ಸುಗ್ಗಿಯವರೆಗೆ ಎರಡೂ ಕೂಡಿ ಬೆಳೆಯಲಿ. ಗಮನಿಸಬೇಕಾದದ್ದು, ಯಜಮಾನನು ಕಳೆಯನ್ನು ಗೋದಿಯೆಂದು ಕರೆಯುವುದಿಲ್ಲ, ಸುಗ್ಗಿಯನ್ನು ರದ್ದುಮಾಡುವುದೂ ಇಲ್ಲ. ಕೆಲಸದವರ ಕೈಯನ್ನು ಮಾತ್ರ ತಡೆಯುತ್ತಾನೆ. ಒಂದು ಬೇರಿನ ಪಕ್ಕದಲ್ಲಿ ಇನ್ನೊಂದು ಬೇರು ಇರುವ ನೆಲದಲ್ಲಿ, ಇಂದೇ ಎಲ್ಲ ದುಷ್ಟತನವನ್ನು ಕಿತ್ತುಹಾಕು ಎಂದು ಬೇಡುವವನು ತನ್ನ ಬೇರು ಎಲ್ಲಿದೆಯೆಂದು ಮೊದಲು ನೋಡಿಕೊಳ್ಳುವುದು ಲೇಸು. ದೇವರ ದಯೆ ನಿನ್ನನ್ನು ಪಶ್ಚಾತ್ತಾಪಕ್ಕೆ ನಡೆಸಲೆಂದೇ ಇದೆ ಎಂದು ಪೌಲನು ರೋಮಾಪುರದವರಿಗೆ ಬರೆದದ್ದು ಯಾರಿಗೆ? ಇತರರಿಗೆ ತೀರ್ಪು ಮಾಡುತ್ತಾ ಕುಳಿತವನಿಗೆ.

ಈ ತಾಳ್ಮೆ ನಮಗೆ ಸುಲಭವಾಗಿ ರುಚಿಸುವಂಥದ್ದಲ್ಲ. ಪ್ರವಾದಿ ಯೋನನಿಗೆ ರುಚಿಸಲಿಲ್ಲ. ಇನ್ನು 40 ದಿನಗಳಲ್ಲಿ ಶತ್ರುರಾಜ್ಯ ಅಶ್ಶೂರದ ಪಟ್ಟಣ ನಿನೆವೆ ಕೆಡವಲ್ಪಡುವುದೆಂದು ಸಾರಿ, ಊರಿನವರು ಗೋಣಿತಟ್ಟು ಉಟ್ಟುಕೊಂಡು ದೇವರ ಕಡೆಗೆ ತಿರುಗಿದಾಗ, ನಾಶ ತಪ್ಪಿಹೋಯಿತಲ್ಲ ಎಂದು ಅವನಿಗೆ ಸಾಯುವಷ್ಟು ಸಿಟ್ಟು ಬಂತು. ನೀನು ಕರುಣಾಳುವೆಂದು ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಮೊದಲ ಸಲ ನೀನು ಕಳುಹಿಸಿದಾಗ ಓಡಿಹೋದದ್ದು ಎಂದು ದೇವರ ಮೇಲೆ ದೂರು ಹೊರಿಸುತ್ತಾನೆ. ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಹೆಚ್ಚು ಜನರೂ ಬಹಳ ಪಶುಗಳೂ ಇರುವ ಪಟ್ಟಣಕ್ಕಾಗಿ ನಾನು ಕನಿಕರಿಸಬಾರದೋ ಎಂಬ ದೇವರ ಪ್ರಶ್ನೆಯೊಂದಿಗೆ ಗ್ರಂಥ ಮುಗಿಯುತ್ತದೆ. ಯೋನನ ಉತ್ತರ ದಾಖಲಾಗಿಲ್ಲ.

ಮನಸ್ಸೆಯ ಕಥೆಗೂ ಹೀಗೆಯೇ ಒಂದು ಎರಡನೆಯ ಭಾಗವಿದೆ. ಅರಸುಗಳ ಗ್ರಂಥ ಹೇಳದೆ ಬಿಟ್ಟದ್ದನ್ನು ಪೂರ್ವಕಾಲವೃತ್ತಾಂತದ ಎರಡನೆಯ ಗ್ರಂಥದ 33ನೆಯ ಅಧ್ಯಾಯ ಹೇಳುತ್ತದೆ: ಅಶ್ಶೂರದ ಸೇನಾಪತಿಗಳು ಅವನನ್ನು ಬೇಡಿಗಳಿಂದ ಬಿಗಿದು ಬಾಬೆಲಿಗೆ ಒಯ್ದರು, ಆ ಇಕ್ಕಟ್ಟಿನಲ್ಲಿ ಅವನು ತನ್ನನ್ನು ಬಹಳವಾಗಿ ತಗ್ಗಿಸಿಕೊಂಡು ಪ್ರಾರ್ಥಿಸಿದನು, ದೇವರು ಅವನನ್ನು ತಿರುಗಿ ಯೆರೂಸಲೇಮಿಗೆ ಬರಮಾಡಿದನು. ಆ 55 ವರ್ಷಗಳನ್ನು ದುಷ್ಟನಿಗೆ ಸಿಕ್ಕ ಬಹುಮಾನವೆಂದು ಓದಬಹುದು, ತಿರುಗಿಕೊಳ್ಳಲೆಂದು ಕೊಟ್ಟ ಗಡುವೆಂದೂ ಓದಬಹುದು. ವೃತ್ತಾಂತಕಾರನು ಎರಡನೆಯ ರೀತಿಯಲ್ಲಿ ಓದಿದ್ದಾನೆ.

ಆದರೆ ಪ್ರಾಮಾಣಿಕನಾದ ಓದುಗ ಇಲ್ಲಿ ಕೈಯೆತ್ತುತ್ತಾನೆ, ಎತ್ತಬೇಕು ಕೂಡ. ಮನಸ್ಸೆಗೇನೋ ಗಡುವು ಸಿಕ್ಕಿತು, ಅವನು ಕೊಲ್ಲಿಸಿದವರಿಗೆ? ಅರಸನು ತಿರುಗಿಕೊಂಡನೆಂದು ಅವರಾರೂ ಎದ್ದು ಬರಲಿಲ್ಲ. ದೀರ್ಘಶಾಂತಿಯ ಬೆಲೆಯನ್ನು ಬಹಳ ಸಲ ತೆರುವವರು ನೊಂದವರೇ. ತೀರ್ಪು ತಡವಾಗುವುದರಿಂದ ಮನುಷ್ಯರ ಹೃದಯ ಕೆಟ್ಟದ್ದನ್ನು ಮಾಡಲು ಇನ್ನೂ ತುಂಬಿಕೊಳ್ಳುತ್ತದೆ ಎಂದು ಪ್ರಸಂಗಿ ಎಂಬ ಗ್ರಂಥದ 8ನೆಯ ಅಧ್ಯಾಯವೇ ಎಚ್ಚರಿಸುತ್ತದೆ. ಈ ಆಕ್ಷೇಪಣೆಗೆ ಕ್ರೈಸ್ತ ನಂಬಿಕೆಯಲ್ಲಿ ಎರಡು ಉತ್ತರಗಳಿವೆ, ಎರಡೂ ನೋವನ್ನು ಪೂರ್ತಿ ಶಮನಗೊಳಿಸುತ್ತವೆ ಎಂದು ನಾನು ಹೇಳಲಾರೆ.

ಮೊದಲನೆಯದು, ಸತ್ತವರ ಲೆಕ್ಕ ಮುಗಿದಿಲ್ಲ ಎಂಬುದು. ಮನಸ್ಸೆ ಚೆಲ್ಲಿದ ರಕ್ತವನ್ನು ಯೆಹೋವನು ಕ್ಷಮಿಸಲಿಲ್ಲ ಎಂದು ಎರಡನೆಯ ಅರಸುಗಳ 24ನೆಯ ಅಧ್ಯಾಯ ಸಿಡಿದಂತೆ ನುಡಿಯುತ್ತದೆ. ವ್ಯಕ್ತಿಗೆ ಕರುಣೆ ಸಿಕ್ಕಿದರೂ ಕೃತ್ಯ ಕಡತದಿಂದ ಮಾಯವಾಗಲಿಲ್ಲ. ಕೂಲಿಯವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಎಂದು ಯಾಕೋಬನ ಪತ್ರಿಕೆ ಐಶ್ವರ್ಯವಂತರಿಗೆ ಹೇಳುತ್ತದೆ. ಪ್ರಕಟನೆಯ 6ನೆಯ ಅಧ್ಯಾಯದಲ್ಲಿ ಕೊಲೆಯಾದ ಭಕ್ತರು ಯಜ್ಞವೇದಿಯ ಕೆಳಗಿನಿಂದ "ಇನ್ನೆಷ್ಟು ಕಾಲ?" ಎಂದು ಕೂಗುತ್ತಾರೆ, ಪರಲೋಕದಲ್ಲಿಯೂ ಆ ಕೂಗನ್ನು ಯಾರೂ ಗದರಿಸಿ ಅಡಗಿಸುವುದಿಲ್ಲ, ಬಿಳೀ ನಿಲುವಂಗಿ ಕೊಟ್ಟು ಇನ್ನು ಸ್ವಲ್ಪ ಕಾಲ ಕಾದಿರಿ ಎನ್ನುತ್ತಾರೆ. ಹಿಪ್ಪೋ ಪಟ್ಟಣದ ಬಿಷಪ್ ಸಂತ ಅಗಸ್ಟೀನನು ಕ್ರಿಸ್ತಶಕ 410ರಲ್ಲಿ ರೋಮ್ ನಗರದ ಲೂಟಿಯಾದ ಬಳಿಕ ಇದೇ ಪ್ರಶ್ನೆಯನ್ನು ಎದುರಿಸಬೇಕಾಯಿತು, ಏಕೆಂದರೆ ಆ ಲೂಟಿಯಲ್ಲಿ ಒಳ್ಳೆಯವರು ಕೆಟ್ಟವರೆಂಬ ಭೇದವಿಲ್ಲದೆ ಎಲ್ಲರೂ ನೊಂದಿದ್ದರು, ಎಷ್ಟೋ ಕೆಟ್ಟವರು ಪಾರಾಗಿದ್ದರು. ಎಲ್ಲ ಪಾಪಕ್ಕೂ ಈಗಲೇ ಕಣ್ಣಿಗೆ ಕಾಣುವ ಶಿಕ್ಷೆಯಾಗುವುದಾದರೆ ಕಡೆಯ ನ್ಯಾಯತೀರ್ಪಿಗೆ ಏನೂ ಉಳಿದಿಲ್ಲವೆಂದು ಜನ ತಿಳಿಯುತ್ತಾರೆ, ಯಾವ ಪಾಪಕ್ಕೂ ಈಗ ಶಿಕ್ಷೆಯಾಗದಿದ್ದರೆ ದೇವರ ಆಡಳಿತವೇ ಇಲ್ಲವೆಂದು ತಿಳಿಯುತ್ತಾರೆ ಎಂಬುದು ಅವನ ವಾದ. ಆದ್ದರಿಂದ ನಾವು ಕಾಣುವುದು ಅಲ್ಲೊಂದು ಇಲ್ಲೊಂದು ತೀರ್ಪು, ಉಳಿದದ್ದೆಲ್ಲ ಬಾಕಿ. ಒಂದೇ ಬೆಂಕಿಯಲ್ಲಿ ಬಂಗಾರ ಹೊಳೆಯುತ್ತದೆ, ಹೊಟ್ಟು ಹೊಗೆಯಾಡುತ್ತದೆ ಎಂಬ ಅವನ ಹೋಲಿಕೆಯೂ ಅಲ್ಲಿಯದೇ: ಬರುವ ಕಷ್ಟ ಒಂದೇ ಆದರೂ ಅದನ್ನು ಅನುಭವಿಸುವವರು ಒಂದೇ ಅಲ್ಲ.

ಎರಡನೆಯದು, ದೇವರ ತಾಳ್ಮೆ ಮನುಷ್ಯನ ಮೌನಕ್ಕೆ ಪರವಾನಗಿಯಲ್ಲ ಎಂಬುದು. ನಾಬೋತನೆಂಬ ಪ್ರಜೆಯನ್ನು ಕೊಲ್ಲಿಸಿ ಅವನ ದ್ರಾಕ್ಷೆಯ ತೋಟವನ್ನು ವಶಮಾಡಿಕೊಳ್ಳಲು ಅರಸ ಅಹಾಬನು ಇಳಿದುಹೋದಾಗ, ಪ್ರವಾದಿ ಎಲೀಯನು ಅದೇ ತೋಟಕ್ಕೆ ಹೋಗಿ ಅವನ ಮುಖಕ್ಕೆ ಹೇಳಿದನು: ಕೊಂದದ್ದೂ ಅಲ್ಲದೆ ಸ್ವಾಧೀನವನ್ನೂ ಮಾಡಿಕೊಂಡೆಯಾ? ಹೇಗಿದ್ದರೂ ಸುಗ್ಗಿಯ ದಿನ ದೇವರೇ ನೋಡಿಕೊಳ್ಳುತ್ತಾನೆಂದು ಪ್ರವಾದಿ ಮನೆಯಲ್ಲಿ ಕೂರಲಿಲ್ಲ. ನ್ಯಾಯಾಲಯ, ಕಾನೂನು, ಅಧಿಕಾರ ಇವು ಕೆಟ್ಟದ್ದನ್ನು ದಂಡಿಸಲು ದೇವರು ನೇಮಿಸಿದ ಸಾಧನಗಳೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ ಹೇಳುತ್ತದೆ. ಹಣಜಿಯ ಸಾಮ್ಯವನ್ನು, ಅಂದರೆ ಯೇಸು ಹೇಳಿದ ಆ ಹೋಲಿಕೆಯ ಕಥೆಯನ್ನು, ತೋರಿಸಿ ದೂರು ಕೊಡಲು ಹೊರಟವನ ಕೈ ಹಿಡಿದೆಳೆಯುವವರು ಆ ಸಾಮ್ಯವನ್ನು ತಲೆಕೆಳಗಾಗಿ ಓದಿದ್ದಾರೆ.

ಏಳಿಗೆಯನ್ನು ನೋಡಿ ಯೋಗ್ಯತೆಯನ್ನು ಅಳೆಯುವ ಲೆಕ್ಕಾಚಾರವನ್ನು ಯೇಸು ಎರಡೂ ದಿಕ್ಕಿನಲ್ಲಿ ಮುರಿದಿದ್ದಾನೆ. ಸಿಲೊವಾಮಿನಲ್ಲಿ ಗೋಪುರ ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೆಂದು ನೆನಸುತ್ತೀರೋ ಎಂದು ಕೇಳಿ, ಇಲ್ಲ ಎಂದು ತಾನೇ ಉತ್ತರ ಕೊಟ್ಟನು. ಬೆಳೆ ಹೆಚ್ಚಿತೆಂದು ಕಣಜಗಳನ್ನು ಕೆಡವಿ ದೊಡ್ಡ ಕಣಜ ಕಟ್ಟಲು ಯೋಜಿಸಿದ ಧನಿಕನನ್ನು ಬುದ್ಧಿಹೀನನೆಂದು ಕರೆದನು. ಸಂಪತ್ತೇ ಆಶೀರ್ವಾದದ ಗುರುತೆಂದು ಸಾರುವ ಬೋಧನೆ ಇಂದು ಎಷ್ಟು ಜೋರಾಗಿ ಕೇಳಿಬಂದರೂ ಈ ಎರಡು ಮಾತುಗಳ ಮುಂದೆ ಅದಕ್ಕೆ ನಿಲ್ಲಲು ಜಾಗವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕ್ರೈಸ್ತರು ಈ ಪ್ರಶ್ನೆಯನ್ನು ಕೊನೆಗೆ ಒಯ್ದು ಇಡುವುದು ಒಂದು ವಾದದ ಮುಂದಲ್ಲ, ಒಂದು ಬೆಳಗಿನ ಮುಂದೆ. ಪಸ್ಕ ಹಬ್ಬದ ಸಮಯ, ರೋಮನ್ ಅಧಿಪತಿ ಪಿಲಾತನ ನ್ಯಾಯಸ್ಥಾನ. ಒಂದು ಕಡೆ ಬರಬ್ಬ. ದಂಗೆಯಲ್ಲಿ ಕೊಲೆಮಾಡಿದವರ ಸಂಗಡ ಸೆರೆಯಲ್ಲಿದ್ದವನು ಎಂದು ಮಾರ್ಕನು ಬರೆದಿದ್ದಾನೆ. ಇನ್ನೊಂದು ಕಡೆ ಯೇಸು. ಇವನಲ್ಲಿ ನನಗೆ ಅಪರಾಧ ಕಾಣಿಸಲಿಲ್ಲ ಎಂದು ನ್ಯಾಯಾಧಿಪತಿಯೇ ಹೇಳಿದ್ದಾನೆ. ಹಬ್ಬದಲ್ಲಿ ಒಬ್ಬನನ್ನು ಬಿಡುವ ಪದ್ಧತಿ, ಗುಂಪಿನ ಕೂಗು, ಅಧಿಕಾರಿಯ ಅಳುಕು. ಕೈದಿಗಳಿಬ್ಬರಲ್ಲಿ ತಪ್ಪಿತಸ್ಥನ ಬೇಡಿ ಕಳಚುತ್ತದೆ, ನಿರಪರಾಧಿಯ ಬೆನ್ನಿನ ಮೇಲೆ ಕೊರಡೆ ಬೀಳುತ್ತದೆ. ದುಷ್ಟರ ಏಳಿಗೆ ಎಂಬ ದೂರಿಗೆ ಇದಕ್ಕಿಂತ ಕಟುವಾದ ಉದಾಹರಣೆಯನ್ನು ಯೋಬನೂ ಕೊಡಲಾರ. ಆದರೆ ಸುವಾರ್ತೆ ಇದನ್ನು ದೇವರ ಸೋಲೆಂದು ದಾಖಲಿಸುವುದಿಲ್ಲ. ದುಷ್ಟನು ಬದುಕಿ ಉಳಿಯಲೆಂದು ನೀತಿವಂತನು ಅವನ ಜಾಗದಲ್ಲಿ ನಿಂತ ಘಟನೆಯೆಂದು ದಾಖಲಿಸುತ್ತದೆ. ಅಲ್ಲಿಯವರೆಗೆ ಆಸಾಫನ ಜೊತೆ ನಿಂತು ದುಷ್ಟರನ್ನು ದೂರದಿಂದ ದಿಟ್ಟಿಸುತ್ತಿದ್ದ ಓದುಗನು ಇಲ್ಲಿ ತನಗರಿವಿಲ್ಲದೆ ಬರಬ್ಬನ ಪಕ್ಕದಲ್ಲಿ ನಿಂತಿರುತ್ತಾನೆ. ಅಂದು ಸೆರೆಮನೆಯ ಬಾಗಿಲು ದಾಟಿ ಹೊರಬಂದ ಬರಬ್ಬನು ಉಳಿದ ಆಯುಷ್ಯವನ್ನು ಹೇಗೆ ಕಳೆದನೆಂಬುದನ್ನು ನಾಲ್ಕು ಸುವಾರ್ತೆಗಳಲ್ಲಿ ಒಂದೂ ಹೇಳುವುದಿಲ್ಲ.